ಹಾಲು ಕರೆಯುವ ಹೊತ್ತಿಗೆ ಬಿಡುವ ಕಾಲೇಜು

ರಾಬರ್ಟ್‌ಸನ್‌ಪೇಟೆಯ ಬಸ್ ನಿಲ್ದಾಣದಿಂದ ನಮ್ಮ ಕಾಲೇಜಿಗೆ ತಿರುಗುವ ದಾರಿಯಲ್ಲಿ ಈಗ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದಿದೆ. ಅದರ ಕೆಳಗೆ ನಮ್ಮ ಹಿಂದಿನ ಪ್ರಿನ್ಸಿಪಾಲರ ಫೋಟೊ, ಸುತ್ತಲೂ ಕೈಮುಗಿದು ನಿಂತ ಆಡಳಿತ ಮಂಡಳಿಯವರು. ಕಾರ್ಯದರ್ಶಿಗಳ ಫೋಟೊ ಸತ್ತವರ ಫೋಟೊಗಿಂತ ಸ್ವಲ್ಪ ದೊಡ್ಡದಾಗಿದೆ. ಊರಿಗೆ ಹೊಸಬರು ಯಾರಾದರೂ ನೋಡಿದರೆ ತೀರಿಕೊಂಡವರು ಇವರೇ ಎಂದುಕೊಂಡು ಹಾರ ತಂದುಬಿಡಬಹುದು. ‘ನಮ್ಮ ಸಂಸ್ಥೆಯ ಆಧಾರಸ್ತಂಭ’ ಎಂದೂ ಬರೆಸಿದ್ದಾರೆ. ಆ ಸ್ತಂಭವನ್ನು ತಾವೇ ಕಿತ್ತು ಹೊರಗೆ ಹಾಕಿದ್ದು ಯಾಕೆ ಎಂದು ಬರೆಸಲು ಫ್ಲೆಕ್ಸಿನಲ್ಲಿ ಜಾಗ ಸಾಲಲಿಲ್ಲವೆಂದು ಕಾಣುತ್ತದೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಅವರ ಹೆಸರನ್ನು ಬರೆಯುವುದಿಲ್ಲ. ಬದುಕಿದ್ದು ಇದನ್ನು ಓದಿದ್ದರೆ, ‘ಹೆಸ್ರಿನ ಮುಂದೆ ಡಾಕ್ಟರ್ ಅಂತ ಸೇರ್ಸಮ್ಮ, ಯಾರ್ ಬಂದು ಕೇಳ್ತಾರೆ’ ಎಂದು ಕಾಡುತ್ತಿದ್ದರು. ಆ ತಾಪತ್ರಯ ಬೇಡ.

ನಾನು ಆ ಕಾಲೇಜಿನ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕಿ. ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತೇನೆ. ಕೆಲಸಕ್ಕೆ ಸೇರಿದ ದಿನ ಪ್ರಿನ್ಸಿಪಾಲರನ್ನು ಮೊದಲು ಕಂಡಾಗ ಅವರು ಬಸ್ಸಿನಿಂದ ಇಳಿಯುತ್ತಿದ್ದರು. ಕುಳ್ಳಗಿನ ಆಳು, ಬೂದು ಬಣ್ಣದ ಸಫಾರಿ, ತಲೆಗೂ ಮೀಸೆಗೂ ಬಳಿದು ಮಿಕ್ಕ ಕಪ್ಪು ಬಣ್ಣ ಕಿವಿಯ ತುದಿಗಳಿಗೆ. ಕೈಯಲ್ಲೊಂದು ಹೆಲ್ಮೆಟ್. ಬಸ್ಸಿನಲ್ಲಿ ಬರುವವರಿಗೆ ಹೆಲ್ಮೆಟ್ ಯಾಕೆಂದು ನನಗೆ ಅರ್ಥವಾಗಲಿಲ್ಲ. ಕೆಲವು ತಿಂಗಳಾದ ಮೇಲೆ ಧೈರ್ಯ ಮಾಡಿ ಕೇಳಿದೆ.

“ಸ್ಕೂಟ್ರು ಕೆಟ್ಟೋಗಿ ಮೂಲೆ ಸೇರೈತೆ ಕಣಮ್ಮ. ಆದ್ರೆ ಪ್ರಿನ್ಸಿಪಾಲಂಗೆ ಗಾಡಿ ಐತೆ ಅನ್ನೋದು ಜನಕ್ಕೆ ಗೊತ್ತಿರ್ಬೇಕಲ್ಲ” ಎಂದರು.

ಇದರಲ್ಲೇ ಅವರು ಪೂರ್ತಿ ಇದ್ದರು. ಕ್ಯಾಸಂಬಳ್ಳಿ ಕಡೆಯ ಹಳ್ಳಿಯೊಂದರ ರೈತರ ಮನೆಯವರು. ಅಲ್ಲಿ ಕನ್ನಡ, ಮನೆಯೊಳಗೆ ಅರ್ಧ ತೆಲುಗು, ರಾಬರ್ಟ್‌ಸನ್‌ಪೇಟೆಗೆ ಬಂದರೆ ತಮಿಳು. ಈ ಮೂರು ಭಾಷೆಗಳಲ್ಲೂ ಅವರು ಸರಾಗವಾಗಿ ಸುಳ್ಳು ಹೇಳಬಲ್ಲವರಾಗಿದ್ದರು. ಇಂಗ್ಲಿಷಿನಲ್ಲಿ ಮಾತ್ರ ಆಗುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಮಾತನಾಡುವಾಗ ಬಹಳ ಪ್ರಾಮಾಣಿಕರಂತೆ ಕಾಣುತ್ತಿದ್ದರು.

ಕಾಲೇಜಿನ ಕತೆಯನ್ನೂ ಸ್ವಲ್ಪ ಹೇಳಬೇಕು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಮೈಸೂರು ಮೈನ್ಸ್ ಕಡೆಯ ಒಂದು ತಗಡಿನ ಶೆಡ್ಡಿನಲ್ಲಿ, ಪಾಳಿ ಮುಗಿಸಿ ಬಂದ ಫೋರ್‌ಮನ್ನುಗಳು ಕಾರ್ಮಿಕರ ಮಕ್ಕಳಿಗೆ ಅರ ಹಿಡಿಯುವುದನ್ನು, ಕಬ್ಬಿಣ ಕಾಯಿಸಿ ಬಡಿಯುವುದನ್ನು ಕಲಿಸುತ್ತಿದ್ದರಂತೆ. ಅದು ಬೆಳೆದು ಟೆಕ್ನಿಕಲ್ ಸ್ಕೂಲಾಯಿತು. ಆಮೇಲೆ ಒಂದು ಟ್ರಸ್ಟ್ ಅದನ್ನು ವಹಿಸಿಕೊಂಡು ರಾಬರ್ಟ್‌ಸನ್‌ಪೇಟೆಗೆ ತಂದು ವೃತ್ತಿ ಶಿಕ್ಷಣ ಕಾಲೇಜು ಮಾಡಿತು. ಅಷ್ಟರಲ್ಲಿ ಗಣಿ ಮುಚ್ಚಿತು. ಗಣಿಗೆಂದೇ ಹುಡುಗರನ್ನು ತಯಾರು ಮಾಡುತ್ತಿದ್ದ ನಮ್ಮ ಕಾಲೇಜಿಗೆ ಮಾತ್ರ ಈ ಸುದ್ದಿ ಬಹಳ ವರ್ಷ ತಲುಪಿದಂತೆ ಕಾಣಲಿಲ್ಲ. ಅದೇ ಯಂತ್ರ, ಅದೇ ಪಾಠ. ಸರ್ಕಾರದ ಯೋಜನೆ ಬದಲಾದಾಗಲೆಲ್ಲ ಬೋರ್ಡು ಬದಲಾಯಿತು. ತಾಂತ್ರಿಕ ಹೋಗಿ ವೃತ್ತಿ, ವೃತ್ತಿ ಹೋಗಿ ಕೌಶಲ್ಯ. ಪೇಂಟರನು ಹಳೆಯ ಅಕ್ಷರಗಳನ್ನು ಸರಿಯಾಗಿ ಉಜ್ಜದೆ ಮೇಲೆಯೇ ಬರೆಯುತ್ತಿದ್ದುದರಿಂದ, ಬಿಸಿಲಿನಲ್ಲಿ ನಿಂತು ನೋಡಿದರೆ ಎಲ್ಲ ಕಾಲದ ಕಾಲೇಜುಗಳೂ ಒಟ್ಟಿಗೆ ಕಾಣುತ್ತಿದ್ದವು.

ಟ್ರಸ್ಟಿನ ಕಾರ್ಯದರ್ಶಿಗಳ ಪ್ರಕಾರ ಇದನ್ನೆಲ್ಲ ಸ್ಥಾಪಿಸಿದವರು ಅವರ ತಂದೆ. ಅಂಗಳದಲ್ಲಿ ತಂದೆಯವರ ಎದೆಮಟ್ಟದ ಪ್ರತಿಮೆಯಿದೆ. ಪ್ರತಿಮೆಯ ಮುಖ ತಂದೆಗಿಂತ ಮಗನನ್ನೇ ಹೆಚ್ಚು ಹೋಲುತ್ತದೆ. ಶಿಲ್ಪಿಯ ಮುಂದೆ ಕೂತವರು ಇವರೇ ಎಂದು ಹಳಬರು ಹೇಳುತ್ತಾರೆ.

ಪ್ರಿನ್ಸಿಪಾಲರಿಗೆ ಇಂಥ ಒಂದೇ ಕತೆಯಲ್ಲಿ ತೃಪ್ತಿಯಿರಲಿಲ್ಲ. ಸೇರಿಸಲು ಬಂದ ತಂದೆತಾಯಿ ಗಣಿ ಕಾಲೊನಿಯ ತಮಿಳರಾದರೆ, ಕಾಲೇಜು ಕಟ್ಟಿದ್ದು ಗಣಿಯ ಒಬ್ಬ ಬಿಳಿಯ ದೊರೆ. ಅವನಿಗೆ ಮಕ್ಕಳಿರಲಿಲ್ಲ, ಕಾರ್ಮಿಕರ ಮಕ್ಕಳನ್ನೇ ತನ್ನ ಮಕ್ಕಳೆಂದುಕೊಂಡಿದ್ದ. ಹಳ್ಳಿಯ ಒಕ್ಕಲಾದರೆ, ಕಟ್ಟಿದ್ದು ಒಬ್ಬ ಪಟೇಲ. ಅವನ ಕನಸಿನಲ್ಲಿ ಗಂಗಮ್ಮ ಬಂದು ‘ನಂಗೆ ಗುಡಿ ಬ್ಯಾಡ, ಮಕ್ಕಳಿಗೆ ಕೆಲ್ಸ ಕಲ್ಸು’ ಅಂದಿದ್ದಳು. ಬೆಂಗಳೂರಿನ ಅಧಿಕಾರಿಗಳು ಬಂದರೆ ಮಹಾರಾಜರೇ ಖುದ್ದು ನಿಂತು ಕಟ್ಟಿಸಿದ್ದು. ಇದನ್ನು ಹೇಳುವಾಗ ಅವರ ಭಾಷೆ ಥಟ್ಟನೆ ಗ್ರಾಂಥಿಕವಾಗುತ್ತಿತ್ತು. “ಮಹಾಪ್ರಭುಗಳು ಈ ಸ್ಥಳದಲ್ಲಿಯೇ ತಂಗಿದ್ದು ಎಳನೀರನ್ನು ಸೇವಿಸಿದರಂತೆ” ಎನ್ನುತ್ತಾ ನಮ್ಮ ಸೈಕಲ್ ಸ್ಟ್ಯಾಂಡ್ ತೋರಿಸುತ್ತಿದ್ದರು.

ಒಮ್ಮೆ ನಾನು ತಡೆಯಲಾರದೆ ಕೇಳಿದೆ. “ಸರ್, ನಿಜವಾಗ್ಲೂ ಕಟ್ಟಿಸಿದ್ದು ಯಾರು?”

“ಯಾರು ಕೇಳ್ತಾರೋ ಅವ್ರ ತಾತ ಕಟ್ಟಿಸಿದ್ದು ಅಂತ ಇಟ್ಕೊಳಮ್ಮ. ಮಗೂನ ಸೇರ್ಸಿದ್ರೆ ಸಾಕು.”

ಆದರೂ ಯಾರೂ ಸೇರಿಸುತ್ತಿರಲಿಲ್ಲ. ಹುಡುಗರು ಹತ್ತನೇ ತರಗತಿ ಮುಗಿಸಿ ಬೆಳಗಿನ ರೈಲು ಹತ್ತಿ ಬೇರೆ ಕಡೆ ಕೆಲಸಕ್ಕೆ ಹೋಗುತ್ತಿದ್ದರು. ತರಗತಿಗಳಲ್ಲಿ ಬೆಂಚುಗಳ ಮೇಲೆ ಧೂಳು ಕೂತಿತ್ತು. ಅಂಥ ಒಂದು ವರ್ಷ ಕಾಲೇಜಿನ ಮಾನ್ಯತೆ ನವೀಕರಿಸಲು ಸಮಿತಿ ಬರುವುದಿತ್ತು. ಕಾರ್ಯದರ್ಶಿಗಳು ನಮ್ಮನ್ನೆಲ್ಲ ಕೂರಿಸಿಕೊಂಡು, ತಮಗೆ ರಾತ್ರಿ ನಿದ್ದೆಯಿಲ್ಲವೆಂದೂ, ತಂದೆಯವರ ಕನಸು ಕಮರುವುದನ್ನು ನೋಡಲಾರೆನೆಂದೂ ಹೇಳಿದರು. ಅವರ ಜೊತೆ ಬಂದಿದ್ದ ಇಂಜಿನಿಯರ್ ಅಷ್ಟರಲ್ಲಿ ಹೊರಗೆ ಟೇಪು ಹಿಡಿದು ಅಂಗಳ ಅಳೆಯುತ್ತಿದ್ದ. ವಿಷಯ ಇಷ್ಟೇ. ರಸ್ತೆ ಪಕ್ಕದ ಜಾಗ, ಅಲ್ಲಿ ಕಲ್ಯಾಣ ಮಂಟಪ ಕಟ್ಟಬೇಕು. ಆದರೆ ತಂದೆ ಕಟ್ಟಿದ ಕಾಲೇಜನ್ನು ಮಗ ಮುಚ್ಚಿದ ಎನ್ನಿಸಿಕೊಳ್ಳಬಾರದು. ವಿದ್ಯಾರ್ಥಿಗಳಿಲ್ಲವೆಂದು ಸಮಿತಿಯೇ ಮುಚ್ಚಿಸಿದರೆ ಕಣ್ಣೀರು ಹಾಕಿ ಅಡಿಗಲ್ಲು ಇಡಬಹುದು.

ಪ್ರಿನ್ಸಿಪಾಲರಿಗೆ ಮಂಟಪದ ಮ್ಯಾನೇಜರ್ ಕೆಲಸ ಕೊಡುವುದಾಗಿಯೂ ಹೇಳಿದರು. ನಿವೃತ್ತಿಗೆ ಹೆಚ್ಚು ಕಾಲವಿಲ್ಲದ ಮನುಷ್ಯ. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿದು, ಎರಡು ಕಡೆಯವರಿಗೂ ಬೇರೆ ಬೇರೆ ಸುಳ್ಳು ಹೇಳುವ ಆ ಕೆಲಸಕ್ಕೆ ಅವರಿಗಿಂತ ಯೋಗ್ಯರು ಜಿಲ್ಲೆಯಲ್ಲಿ ಸಿಗುತ್ತಿರಲಿಲ್ಲ. ಅವರು ಎದ್ದು ನಿಂತು, “ತಮ್ಮ ಔದಾರ್ಯ ಅಪಾರವಾದುದು” ಎಂದು ಗ್ರಾಂಥಿಕದಲ್ಲಿ ಧನ್ಯವಾದ ಹೇಳಿದರು. ಹೊರಗೆ ಬಂದು ನನಗೆ ಹೇಳಿದರು, “ಮೇಡಂ, ನಾಳೆ ಕ್ಯಾಸಂಬಳ್ಳಿ ಬಸ್ಸಿಗೆ ಬಾರಮ್ಮ. ಹೊತ್ತುಟ್ಟೋಕ್ಕೆ ಮುಂಚೆ ಬರ್ಬೇಕು.”

“ಯಾಕೆ ಸರ್?”

“ಹುಡುಗ್ರು ಸಿಗ್ದಿದ್ರೆ ಓಗ್ಲಿ. ಹೆಂಗಸ್ರು ಊರಲ್ಲೇ ಅವ್ರಲ್ಲ.”

ಮಾರನೆಯ ದಿನ ಬೆಳಕು ಹರಿಯುವಾಗ ಕ್ಯಾಸಂಬಳ್ಳಿಯ ಆಚೆಯ ಒಂದು ಹಳ್ಳಿಯ ಹಾಲಿನ ಡೇರಿಯ ಮುಂದೆ ನಿಂತಿದ್ದೆವು. ಕ್ಯಾನು, ಚೊಂಬು ಹಿಡಿದ ಹೆಂಗಸರ ಸಾಲು. ಪ್ರಿನ್ಸಿಪಾಲರು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಸಾಲಿನ ಮುಂದೆ ಹೋಗಿ ಗಂಟಲು ಸರಿಮಾಡಿಕೊಂಡರು. ಪಟೇಲನ ಕನಸು ಬರುತ್ತದೆಂದು ನಾನು ಕಾಯುತ್ತಿದ್ದೆ.

“ನಮ್ ಕಾಲೇಜು ಕಟ್ಟಿದ್ದು ಯಾರು ಗೊತ್ತೇನ್ರವ್ವಾ?” ಎಂದರು. “ಒಬ್ಬ ಹೆಂಗ್ಸು.”

ಇದು ಹೊಸದು. ನಾನೂ ಕಿವಿಗೊಟ್ಟೆ.

“ಆಯಮ್ಮನ ಗಂಡ ಗಣಿ ಒಳಕ್ಕೆ ಓದೋನು ಮ್ಯಾಕ್ಕೆ ಬರ್ಲಿಲ್ಲ. ಚಿಕ್ ಚಿಕ್ ಮಕ್ಳು. ಆಯಮ್ಮ ಅಳ್ತಾ ಕೂತ್ಲಾ? ಇಲ್ಲ. ಗಂಡನ ಸುತ್ತಿಗೆ ತಗೊಂಡು ಸೀದಾ ದೊರೆ ಆಪೀಸ್ಗೆ ಓದ್ಲು. ನನ್ ಗಂಡನ ಕೆಲ್ಸ ನಂಗೆ ಕಲ್ಸು ಅಂದ್ಲು. ದೊರೆ ನಕ್ಕ. ಅವ್ನು ನಗ್ತಾ ಇರೋವಾಗ್ಲೇ ಆಯಮ್ಮ ಅವ್ನ ಮೇಜಿನ ಮುರ್ದೋಗಿರೋ ಕಾಲು ಕೂರಿಸ್ಬುಟ್ಲು. ದೊರೆ ಬಾಯ್ಮುಚ್ಕೊಂಡ. ಆಮ್ಯಾಕೆ ಅಕ್ಕಪಕ್ಕದ ಹೆಂಗಸ್ರನ್ನ ಕರ್ಕೊಂಡು ಒಂದು ಶೆಡ್ ಹಾಕಿದ್ಲು. ಅದೇ ಇವತ್ತು ನಮ್ ಕಾಲೇಜು.”

ಹೆಂಗಸರು ಕ್ಯಾನುಗಳನ್ನು ಕೆಳಗಿಟ್ಟರು. ಡೇರಿಯವನು ಹಾಲು ಅಳೆಯುವುದನ್ನು ನಿಲ್ಲಿಸಿದ್ದ. ನಾನು ನೆಲ ನೋಡುತ್ತಿದ್ದೆ. ಆ ಮೇಜಿನ ಕಾಲು ಪ್ರಿನ್ಸಿಪಾಲರ ಕೋಣೆಯ ಮೇಜಿನದೇ ಎಂದು ನನಗೆ ಗೊತ್ತಿತ್ತು. ಅದು ಇನ್ನೂ ಮುರಿದೇ ಇತ್ತು.

ಸಾಲಿನ ನಡುವಿನಿಂದ ಒಬ್ಬಳು ಕೇಳಿದಳು. “ಸಾ, ಬೋರ್ ಮೋಟ್ರು ಸುಟ್ಟೋದ್ರೆ ಅದ್ನ ಸರಿ ಮಾಡೋದು ಯೋಳ್ಕೊಡ್ತೀರಾ?”

ಅವಳೇ ಮುನಿರತ್ನ. ಗಂಡ ಬಂಗಾರಪೇಟೆಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಇದ್ದ ಚೂರು ಹೊಲಕ್ಕೆ ದಾಯಾದಿಗಳ ಜೊತೆ ಪಾಲಿನ ಬೋರ್‌ವೆಲ್. ವೋಲ್ಟೇಜ್ ಏರಿಳಿದು ಮೋಟರು ಸುಟ್ಟರೆ ಅದನ್ನು ಎತ್ತಿ ಬಂಗಾರಪೇಟೆಗೆ ಸಾಗಿಸಿ, ಅಂಗಡಿಯವನು ಇವತ್ತು ನಾಳೆ ಅನ್ನುವಷ್ಟರಲ್ಲಿ ಟೊಮೊಟೊ ಗಿಡ ಒಣಗುತ್ತಿತ್ತು.

“ಮೇಡಮ್ಮು ಯೋಳ್ಕೊಡ್ತಾರೆ” ಎಂದರು ಪ್ರಿನ್ಸಿಪಾಲರು, ನನ್ನ ಕಡೆ ನೋಡದೆಯೇ. ನಮ್ಮ ಪಠ್ಯದಲ್ಲಿ ಮೋಟರ್ ವೈಂಡಿಂಗ್, ಅಂದರೆ ಸುಟ್ಟ ಮೋಟರಿಗೆ ಹೊಸದಾಗಿ ತಂತಿ ಸುತ್ತುವುದು, ಒಂದು ಅಧ್ಯಾಯವಾಗಿ ಇತ್ತು. ಮೋಟರು ಇರಲಿಲ್ಲ. ನಾನು ಕೈಯಾರೆ ಒಂದು ಮೋಟರನ್ನೂ ಸುತ್ತಿರಲಿಲ್ಲ.

ಮುನಿರತ್ನಳನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವಳ ಅತ್ತೆಯನ್ನು ಒಪ್ಪಿಸಬೇಕಿತ್ತು. ನಾವು ಅವರ ಮನೆ ಜಗಲಿಯ ಮೇಲೆ ಕೂತೆವು. ಆ ಮುದುಕಿ ಕಾಲು ಚಾಚಿಕೊಂಡು ಕೂತಿದ್ದಳು.

“ಸೊಸೆ ಕಾಲೇಜ್ಗೋದ್ರೆ ಹಸೂನ ನಾನ್ ಕರೀಲಾ ಸೋಮಿ? ನನ್ ಮಂಡಿ ನೋಡ್ದಾ?” ಎಂದಳು.

ಪ್ರಿನ್ಸಿಪಾಲರು ಬಗ್ಗಿ ಮಂಡಿಯನ್ನು ಡಾಕ್ಟರರಂತೆ ಪರೀಕ್ಷಿಸಿದರು. “ಪಾಪ, ಎಷ್ಟು ಊದೈತೆ. ಎಷ್ಟೊತ್ಗೆ ಕರೀತೀರಕ್ಕಾ?”

“ಬೈಗ್ನಾಗೆ, ಡೇರಿ ಗಾಡಿ ಬರೋಕ್ಕೆ ಮುಂಚೆ.”

“ಹಂಗಾದ್ರೆ ಅದ್ಕೆ ಸರ್ಯಾಗಿ ಕಾಲೇಜು ಬಿಡ್ತೀವಿ.”

“ನೀನ್ ಬಿಟ್ರೆ ಬಸ್ಸು ಬರ್ಬೇಕಲ್ಲಪ್ಪ.”

“ಬಸ್ನೋನ್ಗೂ ಯೋಳ್ತೀನಿ.”

ಮುದುಕಿ ಅವರನ್ನು ಬಹಳ ಹೊತ್ತು ನೋಡಿದಳು. “ನೀನು ಸುಳ್ಳ ಅನ್ನೋದು ಮುಖ ನೋಡಿದ್ರೇನೆ ಗೊತ್ತಾಯ್ತದೆ” ಎಂದಳು. “ಆದ್ರೂ ಓಗ್ಲಿ ಬುಡು. ಆ ಮೋಟ್ರು ಸುಟ್ಟೋಗೋದು ನಿಜಾನೆ ಅಲ್ವಾ.”

ಅವರು ಬಸ್ಸಿನವನಿಗೆ ನಿಜಕ್ಕೂ ಹೇಳಿದರು. ಈ ಹೆಂಗಸರೆಲ್ಲ ಸರ್ಕಾರದ ಯಾವುದೋ ದೊಡ್ಡ ಯೋಜನೆಯವರು, ಬಸ್ಸಿನ ಸಮಯ ಬರೆದುಕೊಳ್ಳುತ್ತಾರೆ ಎಂದು. ಅದಾದ ಮೇಲೆ ಆ ಬಸ್ಸು ತಡವಾದದ್ದನ್ನು ನಾನು ನೋಡಲಿಲ್ಲ. ಹೀಗೆ ಡೇರಿಯಿಂದ ಡೇರಿಗೆ ಅಲೆದು ಒಂದು ತರಗತಿ ತುಂಬುವಷ್ಟು ಹೆಂಗಸರನ್ನು ಕಲೆಹಾಕಿದೆವು. ಕಾಲೇಜಿನ ವೇಳಾಪಟ್ಟಿಯನ್ನು ಹಸುಗಳಿಗೆ ಅನುಕೂಲವಾಗುವಂತೆ ತಿದ್ದಲಾಯಿತು. ನಮ್ಮ ಹಳೆಯ ಬೋಧಕರೊಬ್ಬರು, ಇನ್ನು ಪರೀಕ್ಷೆಯನ್ನೂ ಕರು ಹಾಕುವ ಕಾಲ ನೋಡಿಕೊಂಡೇ ಇಡಬೇಕಾದೀತು ಎಂದು ಗೊಣಗಿದರು. ಆಮೇಲೆ ಹಾಗೂ ಆಯಿತು.

ನನಗೆ ಕಲಿಯುವ ಪಾಡು ಬಂತು. ಪ್ರಿನ್ಸಿಪಾಲರು ನನ್ನನ್ನು ಬಂಗಾರಪೇಟೆಯ ಒಂದು ವೈಂಡಿಂಗ್ ಅಂಗಡಿಗೆ ಕರೆದುಕೊಂಡು ಹೋಗಿ, “ಮೇಡಂ ಬೆಂಗ್ಳೂರಿಂದ ಬಂದವ್ರೆ. ಒಳ್ಳೆ ಅಂಗಡಿ ಯಾವ್ದು ಅಂತ ಆರ್ಸಿ ಸರ್ಟಿಫಿಕೇಟ್ ಕೊಡ್ತಾರೆ. ಕೂತ್ಕೊಂಡು ನಿಮ್ ಕೆಲ್ಸ ನೋಡ್ಲಿ” ಎಂದು ಮಾಲೀಕನಿಗೆ ಪರಿಚಯಿಸಿದರು. ನಾನು ಅದೇ ಬೀದಿಯ ಕೊನೆಯ ಮನೆಯವಳು. ಮಾಲೀಕ ನನ್ನನ್ನು ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಬಲ್ಲ. ಅವನು ನನ್ನ ಮುಖ ನೋಡಿದ, ಪ್ರಿನ್ಸಿಪಾಲರ ಮುಖ ನೋಡಿದ, ಒಳಗಿನಿಂದ ಸ್ಟೂಲು ತಂದು ಹಾಕಿದ. “ಬಾರಮ್ಮ ಬೆಂಗ್ಳೂರಿನೋಳೆ” ಎಂದ. ಬೇಸಗೆ ರಜೆ ಪೂರ್ತಿ ಅಲ್ಲಿ ಕೂತು ಕಲಿತೆ.

ಇನ್ನೊಂದು ತೊಂದರೆಯಿತ್ತು. ಗಣಿಯ ಗಂಡುಮಕ್ಕಳಿಗೆಂದು ಕಟ್ಟಿದ ಕಾಲೇಜಿನಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಇದನ್ನು ಕಾರ್ಯದರ್ಶಿಗಳಿಗೆ ತಿಳಿಸಿದಾಗ, ಮಂಟಪದ ನಕ್ಷೆಯಲ್ಲಿ ಹೇಗೂ ಇದೆ ಎಂದರು. ಇಡೀ ಕಟ್ಟಡದಲ್ಲಿ ಒಪ್ಪವಾಗಿದ್ದುದು ಪ್ರಿನ್ಸಿಪಾಲರ ಕೋಣೆಗೆ ಹೊಂದಿಕೊಂಡ ಶೌಚಾಲಯ ಒಂದೇ. ಅದು ಅವರ ಬದುಕಿನ ದೊಡ್ಡ ಹೆಮ್ಮೆ. ಬಂದ ಅತಿಥಿಗಳಿಗೆ ಬಾಗಿಲು ತೆಗೆದು ಟೈಲ್ಸ್ ತೋರಿಸುತ್ತಿದ್ದರು. ಹೆಂಗಸರು ಬಂದ ಮೊದಲ ವಾರವೇ ಅದಕ್ಕೆ ಹೊರಗಿನಿಂದ ಬಾಗಿಲು ಒಡೆಸಿ, ಒಳಗಿನ ಬಾಗಿಲಿಗೆ ಬೀರು ಅಡ್ಡ ಇಟ್ಟು, ಬೀಗದ ಕೈ ಮುನಿರತ್ನಳಿಗೆ ಕೊಟ್ಟರು. ತಾವು ಎದುರಿನ ಟೀ ಅಂಗಡಿಯ ಹಿಂದಕ್ಕೆ ಹೋಗುತ್ತಿದ್ದರು. ಟೀ ಅಂಗಡಿಯವನು “ಎನ್ನ ಸಾರ್, ಅಂಗೆ ತಣ್ಣಿ ಇಲ್ಲಿಯಾ” ಎಂದು ಕೇಳಿದರೆ, “ಇರುಕ್ಕು, ಪ್ಲಂಬಿಂಗ್ ಪ್ರಾಕ್ಟಿಕಲ್ ನಡಕ್ಕುದು” ಎನ್ನುತ್ತಿದ್ದರು. ಕಾಲೇಜಿನಲ್ಲಿ ನೀರಿಲ್ಲವೇ ಎಂದು ಆತ ಕೇಳಿದ್ದಕ್ಕೆ, ಅಲ್ಲಿ ಕೊಳಾಯಿ ಪಾಠ ನಡೆಯುತ್ತಿದೆ ಎಂಬ ಉತ್ತರ. ನಮ್ಮಲ್ಲಿ ಪ್ಲಂಬಿಂಗ್ ವಿಭಾಗವೇ ಇರಲಿಲ್ಲ.

ಸಮಿತಿ ಬಂತು. ಅಧ್ಯಕ್ಷೆ ಬೆಂಗಳೂರಿನ ಹಿರಿಯ ಅಧಿಕಾರಿ, ಮಿತಭಾಷಿ. ಖಾಲಿ ಬೆಂಚುಗಳನ್ನು ತೋರಿಸಲು ಉತ್ಸುಕರಾಗಿದ್ದ ಕಾರ್ಯದರ್ಶಿಗಳು ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಹೆಂಗಸರು ನೆಲದ ಮೇಲೆ ಕೂತು, ಮಡಿಲಲ್ಲಿ ಮೋಟರಿನ ಸ್ಟೇಟರ್ ಇಟ್ಟುಕೊಂಡು ತಾಮ್ರದ ತಂತಿ ಸುತ್ತುತ್ತಿದ್ದರು. ಅಧ್ಯಕ್ಷೆ ಒಬ್ಬೊಬ್ಬರನ್ನೂ ಕೆಲಸದ ಮೇಲೆ ಪ್ರಶ್ನೆ ಕೇಳಿದರು. ಕೊನೆಗೆ ಮುನಿರತ್ನಳ ಹತ್ತಿರ ನಿಂತು, ನಗುತ್ತಾ, “ನಿಮ್ಮ ಕಾಲೇಜಿನ ಬಗ್ಗೆ ಏನಾದರೂ ಹೇಳಿ, ಯಾರು ಶುರು ಮಾಡಿದ್ದು ಗೊತ್ತೆ?” ಎಂದರು.

“ಗೊತ್ತು ಮೇಡಂ” ಎಂದಳು ಮುನಿರತ್ನ. ಹೇಳಿದಳು. ಗಂಡ ಗಣಿಯೊಳಗೆ ಹೋದದ್ದು, ಸುತ್ತಿಗೆ, ದೊರೆಯ ನಗು, ಮೇಜಿನ ಕಾಲು. ಅವಳ ಕತೆಯಲ್ಲಿ ಪ್ರಿನ್ಸಿಪಾಲರು ಹೇಳದಿದ್ದ ಸಂಗತಿಗಳೂ ಇದ್ದವು. “ಆಯಮ್ಮನ್ನ ಅವ್ರತ್ತೆ ಬುಡ್ಲಿಲ್ವಂತೆ ಮೇಡಂ, ಮಂಡಿನೋವು ಅಂತ. ಅದ್ಕೆ ಹಾಲು ಕರ್ದಿಟ್ಟು ಬತ್ತಿದ್ಲಂತೆ.”

“ಆಕೆಯ ಹೆಸರೇನು?” ಎಂದರು ಅಧ್ಯಕ್ಷೆ.

ಮುನಿರತ್ನ ಪ್ರಿನ್ಸಿಪಾಲರ ಕಡೆ ನೋಡಿದಳು. ಪ್ರಿನ್ಸಿಪಾಲರು ಚಾವಣಿಯ ಕಡೆ ನೋಡಿದರು.

“ಹೆಂಗಸ್ರ ಹೆಸ್ರು ಯಾರು ಬರ್ದಿಕ್ತಾರೆ ಮೇಡಂ” ಎಂದಳು ಅವಳು, ತಂತಿ ಸುತ್ತುತ್ತಲೇ.

ಅಧ್ಯಕ್ಷೆ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮಾನ್ಯತೆ ನವೀಕರಣವಾಯಿತು. ‘ಗಣಿ ಕಾರ್ಮಿಕನ ಪತ್ನಿಯೊಬ್ಬರು ಸ್ಥಾಪಿಸಿದ ಈ ಸಂಸ್ಥೆ ಆ ಪರಂಪರೆಯನ್ನು ಮುಂದುವರಿಸಿಕೊಂಡು ಬಂದಿರುವುದು ಶ್ಲಾಘನೀಯ’ ಎಂಬ ಮಾತು ವರದಿಯಲ್ಲಿ ಬಂತು. ಅಂದು ಹೊರಡುವಾಗ ಅಧ್ಯಕ್ಷೆ ಅಂಗಳದ ಪ್ರತಿಮೆಯನ್ನು ನೋಡಿ, “ಇವರು ಯಾರು?” ಎಂದು ಬೇರೆ ಕೇಳಿದರು. ಕಾರ್ಯದರ್ಶಿಗಳ ಮುಖ ಆಗ ಪ್ರತಿಮೆಯನ್ನು ಇನ್ನಷ್ಟು ಹೋಲಿತು.

ವರದಿ ಬಂದ ದಿನ ಕಾರ್ಯದರ್ಶಿಗಳು ಪ್ರಿನ್ಸಿಪಾಲರ ಕೋಣೆಯಲ್ಲಿ, ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕೂತರು. ವಿಭಾಗದವಳೆಂದು ನನ್ನನ್ನೂ ಕರೆಸಿದ್ದರು. ಪ್ರಿನ್ಸಿಪಾಲರು ಎದುರಿಗಿನ ಬೆಂಚಿನ ಮೇಲೆ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ನಮ್ಮ ತಂದೆಯವರ ಹೆಸರು ಅಳಿಸಿಹೋಯ್ತು” ಎಂದರು ಕಾರ್ಯದರ್ಶಿಗಳು. “ಆದರೂ ನಿಮಗೆ ದಾರಿ ಬಿಡ್ತಿದೀನಿ. ಆ ಹೆಂಗಸು ತಾನಾಗೇ ಕತೆ ಕಟ್ಟಿ ಸಮಿತಿಯ ದಾರಿ ತಪ್ಪಿಸಿದಳು ಅಂತ ಬರೆದುಕೊಡಿ. ಅವಳನ್ನ ತೆಗೆದುಹಾಕೋಣ. ನೀವು ರಿಟೈರ್ ಆಗೋವರೆಗೆ ಆರಾಮಾಗಿರಿ.”

ನಾನು ಪ್ರಿನ್ಸಿಪಾಲರ ಕಡೆ ನೋಡಿದೆ. ಬಸ್ ಕಂಡಕ್ಟರನಿಗೆ, ವೈಂಡಿಂಗ್ ಅಂಗಡಿಯವನಿಗೆ, ಟೀ ಅಂಗಡಿಯವನಿಗೆ ಯಾವ ಲಾಭವೂ ಇಲ್ಲದೆ ಸುಳ್ಳು ಹೇಳಿದ ಮನುಷ್ಯ. ಈ ಒಂದು ಸುಳ್ಳಿಗೆ ಅವರ ಹುದ್ದೆ, ಮರ್ಯಾದೆ, ನಿವೃತ್ತಿಯ ದಿನದ ಶಾಲು ಎಲ್ಲ ಉಳಿಯುತ್ತಿತ್ತು. ಮುನಿರತ್ನ ಒಂದು ಮೂಟೆ ಹೊರುವವನ ಹೆಂಡತಿ. ಅವಳು ಬಂದು ಕೇಳುವುದೂ ಇಲ್ಲ.

“ನಾನೇ ಯೋಳಿದ್ದು ಸಾರ್” ಎಂದರು ಪ್ರಿನ್ಸಿಪಾಲರು. “ಡೇರಿ ತಾವ ನಿಂತ್ಕೊಂಡು ಯೋಳ್ದೆ. ಮೇಡಂ ಇದ್ರು, ಬೇಕಾದ್ರೆ ಕೇಳಿ.”

ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು. ಹೌದು ಎಂದೆ.

“ಯಾಕ್ರೀ ಹೇಳಿದ್ರಿ?”

“ತಮ್ ತಂದೆಯೋರ ಕತೆ ಮೊದ್ಲೇ ಯೋಳಿ ನೋಡಿದ್ದೆ ಸಾರ್. ಯಾರೂ ಸೇರ್ಲಿಲ್ಲ.”

ಅವರು ಹಾಸ್ಯ ಮಾಡಿದ್ದಲ್ಲ. ಅವರ ಮುಖ ನನಗೆ ಕಾಣುತ್ತಿತ್ತು. ಇದ್ದದ್ದನ್ನು ಇದ್ದಂತೆ ಹೇಳುವ ಅಭ್ಯಾಸವಿಲ್ಲದ ಮನುಷ್ಯ ತಡವರಿಸಿ ಹೇಳಿದ ಮಾತು ಅದು. ಕೈ ಹೆಲ್ಮೆಟ್ಟಿನ ಪಟ್ಟಿಯನ್ನು ಹಾಕುವುದು, ಬಿಚ್ಚುವುದು ಮಾಡುತ್ತಿತ್ತು.

ಸಂಸ್ಥೆಯ ಇತಿಹಾಸವನ್ನು ತಿರುಚಿದ ಅಪರಾಧಕ್ಕೆ ಅವರನ್ನು ತೆಗೆದುಹಾಕಿದರು. ಇತಿಹಾಸದ ಬಗ್ಗೆ ಇಷ್ಟೊಂದು ಕಾಳಜಿಯುಳ್ಳ ಆಡಳಿತ ಮಂಡಳಿ ದೇಶದಲ್ಲಿ ಬೇರೆಲ್ಲೂ ಇರಲಾರದು. ಬೀಳ್ಕೊಡುಗೆ ಇರಲಿಲ್ಲ. ಅವರು ಕೋಣೆಯಿಂದ ಕನ್ನಡಿ, ಬಾಚಣಿಗೆ ತೆಗೆದುಕೊಂಡು ಗೇಟಿನವರೆಗೆ ನನ್ನ ಜೊತೆ ನಡೆದರು. “ಬೀರು ಜರುಗ್ಸೋಕೆ ಬಿಡ್ಬ್ಯಾಡಮ್ಮ” ಎಂದರು. “ಹೊಸ ಪ್ರಿನ್ಸಿಪಾಲ್ ಬಂದ್ರೆ ಮೊದ್ಲು ಅದ್ರ ಮ್ಯಾಲೇ ಕಣ್ಣಾಕ್ತಾನೆ.”

ಹೊಸಬರು ಬಂದರು, ಕಣ್ಣೂ ಹಾಕಿದರು. ಬೀರು ಜರುಗಲಿಲ್ಲ. ನಾವು ಅದರೊಳಗೆ ಸುಟ್ಟ ಮೋಟರುಗಳನ್ನು ತುಂಬಿಟ್ಟಿದ್ದೆವು.

ಮುಂದಿನ ವರ್ಷ ಸೇರುವ ಕಾಲ ಬಂದಾಗ ನಮಗೆ ಆಶ್ಚರ್ಯ ಕಾದಿತ್ತು. ನಾವು ಯಾವ ಹಳ್ಳಿಗೂ ಹೋಗಿರಲಿಲ್ಲ. ಆದರೂ ಹೆಂಗಸರು ಗುಂಪುಗುಂಪಾಗಿ ಬಸ್ಸಿಳಿದು ಬಂದರು. ಯಾರು ಕಳಿಸಿದ್ದೆಂದು ಕೇಳಿದರೆ, “ಪ್ರಿನ್ಸಿಪಾಲ್ರು ಬಂದಿದ್ರು” ಎಂದರು. ಹೊಸ ಪ್ರಿನ್ಸಿಪಾಲರು ತಾವು ಹೋಗಿಲ್ಲವಲ್ಲ ಎಂದು ಪೆಚ್ಚಾದರು. ಕಾರ್ಯದರ್ಶಿಗಳಿಗೆ ಸುದ್ದಿ ಮುಟ್ಟಿತು. ತಾವು ಹೊರಗೆ ಹಾಕಿದವನು ಕರೆದುಕೊಂಡು ಬಂದ ವಿದ್ಯಾರ್ಥಿಗಳನ್ನೂ ಹೊರಗೆ ಹಾಕುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಅಷ್ಟು ಕಟುಕರಲ್ಲ. ಎಲ್ಲರನ್ನೂ ಸೇರಿಸಿಕೊಂಡು, ತಮ್ಮ ಫೋಟೊ ಹಾಕಿಸಿ, ‘ಮಹಿಳಾ ಸಬಲೀಕರಣದ ಹರಿಕಾರ’ ಎಂದು ಫ್ಲೆಕ್ಸ್ ಕಟ್ಟಿಸಿದರು. ಕಲ್ಯಾಣ ಮಂಟಪವನ್ನು ಬೇರೆ ಜಾಗದಲ್ಲಿ ಕಟ್ಟಿದರು.

ಒಂದು ಸಂಜೆ ಬಂಗಾರಪೇಟೆಯಲ್ಲಿ ಪಾನಿಪೂರಿ ಗಾಡಿಯ ಹತ್ತಿರ ಅವರು ಸಿಕ್ಕರು. ಸಫಾರಿ 
ಸಡಿಲವಾಗಿತ್ತು. ಮೀಸೆಗೆ ಬಣ್ಣ ಹಚ್ಚಿರಲಿಲ್ಲ. ಹೆಂಡತಿಗೆ ತಾವು ‘ಅಡ್ಮಿಷನ್ ಆಫೀಸರ್’ ಆಗಿ ಬಡ್ತಿ ಪಡೆದಿರುವುದಾಗಿ ಹೇಳಿದ್ದರಂತೆ. ಅದಕ್ಕೇ ಬೆಳಗಾಗುತ್ತಲೇ ಟೂರು.

“ಯಾಕೆ ಸರ್ ಈ ಅಲೆದಾಟ? ಯಾರೂ ನಿಮ್ಮನ್ನ ಕೇಳಿಲ್ಲ” ಎಂದೆ.

“ಮೊದ್ಲು ಸಂಬ್ಳ ಕೊಡ್ತಿದ್ರು, ಅವ್ರ ಮಾತು ಕೇಳ್ಬೇಕಿತ್ತು. ಈಗ ಆ ರಗಳೆ ಇಲ್ಲ ಕಣಮ್ಮ.”

“ಈಗ ಯಾರು ಕಟ್ಟಿಸಿದ್ದು ಅಂತ ಹೇಳ್ತೀರಿ?”

ಅವರು ಪಾನಿ ಕುಡಿದು ಬಾಯಿ ಒರೆಸಿಕೊಂಡರು. “ಈಗ ಆ ಕತೆ ಎಲ್ಲಾ ಇಲ್ಲ. ಕ್ಯಾಸಂಬಳ್ಳಿ ರೋಡಲ್ಲಿ ಮುನಿರತ್ನ ಅಂತ ಒಬ್ಬ ಹೆಣ್ಮಗಳು ಮೋಟ್ರು ಅಂಗಡಿ ಇಕ್ಕವ್ಳೆ, ಮೂರ್ನಾಕು ಊರಿನ ಮೋಟ್ರು ಅವ್ಳತ್ರಾನೇ ಬತ್ತವೆ, ಓಗಿ ನೋಡ್ಕೊಂಡು ಬನ್ನಿ ಅಂತ ಯೋಳ್ತೀನಿ.”

“ಅದು ನಿಜಾನೇ ಅಲ್ವಾ ಸರ್.”

“ಹೂ ಕಣಮ್ಮ” ಎಂದರು, ಆ ಕಡೆ ಈ ಕಡೆ ನೋಡಿ. “ಅದ್ಕೇ ಯೋಳೋವಾಗ ಒಂಥರಾ ನಾಚ್ಕೆ ಆಯ್ತದೆ.”

ಕಳೆದ ತಿಂಗಳು ಅವರು ತೀರಿಕೊಂಡರು. ಯಾವುದೋ ಹಳ್ಳಿಯಿಂದ ವಾಪಸಾಗಿ ಊಟಕ್ಕೆ ಕೂತವರಿಗೆ ಎದೆ ನೋವು ಬಂದು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮಗಳು ಮಂಗಳೂರಿನಲ್ಲಿ ನರ್ಸು. ಅವಳು ಬರುವವರೆಗೆ ಕಾಯಬೇಕಾಗಿದ್ದರಿಂದ ರಾಬರ್ಟ್‌ಸನ್‌ಪೇಟೆಯಿಂದ ಫ್ರೀಜರ್ ಪೆಟ್ಟಿಗೆ ತರಿಸಿ ಮನೆಯ ಮುಂದಿನ ಶಾಮಿಯಾನದ ಕೆಳಗೆ ಅವರನ್ನು ಮಲಗಿಸಿದ್ದರು. ನಾನು ಹೋದಾಗ ಸುಡುವ ಮಧ್ಯಾಹ್ನ. ಅಂಗಳದ ತುಂಬ ಹಳ್ಳಿಹಳ್ಳಿಯ ಹೆಂಗಸರು. ನೆಂಟರಿಗೆ ಇವರೆಲ್ಲ ಯಾರೆಂದು ತಿಳಿಯದೆ ಗಲಿಬಿಲಿಯಾಗಿತ್ತು. ಕಾರ್ಯದರ್ಶಿಗಳೂ ಬಂದಿದ್ದರು. ಫೋಟೊಗ್ರಾಫರನನ್ನು ಕರೆತಂದಿದ್ದರು. ಹಾರ ಹಾಕುವ ಫೋಟೊ ಸರಿಯಾಗಿ ಬಂದಿಲ್ಲವೆಂದು ಇನ್ನೊಮ್ಮೆ ಹಾಕಲು ಸಿದ್ಧರಾಗುತ್ತಿದ್ದರು.

ಆಗ ಪೆಟ್ಟಿಗೆಯ ಸದ್ದು ನಿಂತಿತು. ಸುಟ್ಟ ವಾಸನೆ ಬಂತು. ನೆಂಟರಲ್ಲೊಬ್ಬ ಪೆಟ್ಟಿಗೆ ಬಾಡಿಗೆಗೆ ಕೊಟ್ಟವನಿಗೆ ಫೋನು ಮಾಡಿದ. ಅವನು ಕೋಲಾರದಲ್ಲಿದ್ದ, ಸಂಜೆಗೆ ಬರುತ್ತೇನೆಂದ. ಗಾಜಿನ ಮೇಲೆ ಆಗಲೇ ಮಂಜು ಕಟ್ಟಿ ಹನಿ ಇಳಿಯುತ್ತಿತ್ತು. ಪ್ರಿನ್ಸಿಪಾಲರ ಹೆಂಡತಿ ಗಾಜಿಗೆ ಕೈಯಿಟ್ಟು, “ಬಿಸಿಯಾಯ್ತಾ ಐತೆ, ಯಾರಾನಾ ನೋಡ್ರಪ್ಪಾ” ಎಂದು ಅಳತೊಡಗಿದರು. ಗಂಡಸರು ಪೆಟ್ಟಿಗೆಯ ಸುತ್ತ ನಿಂತು, ಕರೆಂಟಿನವರಿಗೆ ಹೇಳಬೇಕು, ಐಸು ತರಿಸಬೇಕು ಎಂದು ಮಾತನಾಡಿಕೊಂಡರು. ಕಾರ್ಯದರ್ಶಿಗಳು ಹಾರ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು.

ಮುನಿರತ್ನ ಗುಂಪಿನಿಂದ ಎದ್ದು ಬಂದಳು. ಸೀದಾ ಅಂಗಡಿಯಿಂದ ಬಂದಿದ್ದಳೆಂದು ಕಾಣುತ್ತದೆ, ಬ್ಯಾಗಿನಲ್ಲಿ ಟೆಸ್ಟರು, ಕಟಿಂಗ್ ಪ್ಲೇಯರು, ಟೇಪು ಇದ್ದವು. ಇನ್ನಿಬ್ಬರು ಅವಳ ಹಿಂದೆ ಬಂದರು. ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು ತಂತಿ ಹಿಡಿದು ನೋಡಿದಳು.

“ಶಾಮಿಯಾನ ಲೈಟು, ಫ್ಯಾನು ಎಲ್ಲಾ ಇದೇ ಲೈನ್ಗೆ ಕೊಟ್ಟವ್ರೆ. ಪ್ಲಗ್ಗು ಸುಟ್ಟೋಗೈತೆ” ಎಂದಳು. ಒಬ್ಬಳು ಹೋಗಿ ಫ್ಯಾನುಗಳ ಸ್ವಿಚ್ಚು ಆರಿಸಿದಳು. ಇನ್ನೊಬ್ಬಳು ಪಕ್ಕದ ಮನೆಯಿಂದ ಮಿಕ್ಸಿಯ ಪ್ಲಗ್ಗು ಬಿಚ್ಚಿಸಿಕೊಂಡು ಬಂದಳು. ಮುನಿರತ್ನ ಸುಟ್ಟ ತುದಿ ಕತ್ತರಿಸಿ, ತಂತಿ ಸುಲಿದು, ಹೊಸ ಪ್ಲಗ್ಗು ಹಾಕಿ, ಮನೆಯೊಳಗಿನ ಬೇರೆ ಲೈನಿಗೆ ಸಿಕ್ಕಿಸಿದಳು. ಪೆಟ್ಟಿಗೆ ಒಮ್ಮೆ ನಡುಗಿ ಮತ್ತೆ ಗುಂಯ್‌ಗುಡತೊಡಗಿತು.

ಅವಳು ಕೂತಲ್ಲೇ ಪೆಟ್ಟಿಗೆಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಕಂಪನ ನೋಡಿದಳು. ಆಮೇಲೆ ಸೆರಗಿನಿಂದ ಗಾಜಿನ ಮೇಲಿನ ಹನಿಗಳನ್ನು ಒರೆಸಿದಳು. ಪ್ರಿನ್ಸಿಪಾಲರ ಮುಖ ಕಂಡಿತು. ಯಾರೋ ಅವರ ಮೀಸೆಗೆ ಬಣ್ಣ ಹಚ್ಚಿ ಮಲಗಿಸಿದ್ದರು. ನಾನು ಅಲ್ಲಿಯವರೆಗೆ ತಡೆದುಕೊಂಡಿದ್ದೆ, ಅದನ್ನು ನೋಡಿ ಆಗಲಿಲ್ಲ.

ನೆಂಟರ ಪೈಕಿ ಹಿರಿಯರೊಬ್ಬರು ಕೋಲೂರಿಕೊಂಡು ಹತ್ತಿರ ಬಂದು ಮುನಿರತ್ನಳನ್ನು ಕೇಳಿದರು. “ನೀವು ಯಾರ ಕಡೆಯೋರಮ್ಮ?”

ಪಕ್ಕದಲ್ಲೇ ಇದ್ದ ಕಾರ್ಯದರ್ಶಿಗಳು ಕೆಮ್ಮಿ, ಹಾರ ಸರಿಮಾಡಿಕೊಂಡು, ಏನೋ ಹೇಳಲು ಬಾಯಿ ತೆರೆದರು.

“ಕಾಲೇಜ್ನೋರು” ಎಂದಳು ಮುನಿರತ್ನ.